ಸೀಸೆಯ ಮೇಲಣ ಅಹಿಂಸೆ

ಕಳೆದ ದಶಲಕ್ಷಣ ಪರ್ವದ ದಿನಗಳಲ್ಲಿ ಬೆಳ್ತಂಗಡಿ ತಾಲೂಕಿನ ಕೃಷಿಕ ಮಿತ್ರರೊಬ್ಬರು ಮನೆಗೆ ಬಂದಿದ್ದರು. ಮಾತಿನ ನಡುವೆ ಚೀಲದಿಂದ ಒಂದು ಗಾಜಿನ ಸೀಸೆಯನ್ನು ತೆಗೆದು ಮೇಜಿನ ಮೇಲಿಟ್ಟರು. ನಗರದಲ್ಲಿ ಉದ್ಯೋಗದಲ್ಲಿರುವ ಅವರ ಮಗ ತಂದುಕೊಟ್ಟ ಜೇನುತುಪ್ಪ ಅದು. ಮೇಲಿನ ಚೀಟಿಯಲ್ಲಿ ‘ಅಹಿಂಸಾ ಜೇನು’ ಎಂದು ದಪ್ಪಕ್ಷರಗಳಲ್ಲಿಯೂ, ಸುಸ್ಥಿರ ವಿಧಾನದಿಂದ ಸಂಗ್ರಹಿಸಿದ್ದು ಎಂದು ಸಣ್ಣಕ್ಷರಗಳಲ್ಲಿಯೂ ಅಚ್ಚಾಗಿತ್ತು. “ಮಾಸ್ಟ್ರೇ, ನೊಣ ಸಾಯದಿದ್ದ ಮೇಲೆ ಬಿಡುವುದು ಯಾಕೆ ಅಂತ ಮಗ ಕೇಳ್ತಾನೆ. ನನಗೆ ಉತ್ತರ ಹೊಳೀಲಿಲ್ಲ. ನೀವು ನಾಲ್ಕು ಗ್ರಂಥ ಓದಿದವರು, ಹೇಳಿ” ಎಂದರು. ಅವರಿಗೆ ಇನ್ನೊಂದು ಪ್ರಶ್ನೆಯೂ ಇತ್ತು. ತೋಟದ ಸೌತೆ, ಹೀರೆ ಬಳ್ಳಿಗಳು ಹೂಬಿಟ್ಟರೂ ಕಾಯಿ ಕಚ್ಚುತ್ತಿಲ್ಲವೆಂದು, ಜೇನುಪೆಟ್ಟಿಗೆ ಇರಿಸಿರೆಂದು ಕೃಷಿ ಬಲ್ಲವರು ಹೇಳಿದ್ದರು. ಶ್ರಾವಕನಾದವನು ಇರಿಸಬಹುದೆ?

ತಂದೆ-ಮಗನ ಈ ಪ್ರಶ್ನೆಯನ್ನು ‘ನಮ್ಮಲ್ಲಿ ಪದ್ಧತಿಯಿಲ್ಲ’ ಎಂಬ ಒಂದು ಮಾತಿನಿಂದ ಮುಗಿಸುವುದು ಸುಲಭ. ಆದರೆ ಕಾರಣ ತಿಳಿಯದ ತ್ಯಾಗವು ಮುಂದಿನ ತಲೆಮಾರಿಗೆ ದಾಟುವುದಿಲ್ಲ. ಆದುದರಿಂದ ಆ ಸೀಸೆಯ ಮೇಲಣ ಎರಡು ಮಾತುಗಳನ್ನು, ಅವನ್ನು ನಂಬಿ ಕೊಳ್ಳುವವರ ಮನೋಧರ್ಮವನ್ನು, ಕೊಳ್ಳದೆ ದೂರವಿರುವ ನಮ್ಮ ಮನೋಧರ್ಮವನ್ನೂ ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇನೆ.

ಆಚಾರ್ಯರು ಕೊಟ್ಟ ಕಾರಣ

ಮಗನ ವಾದವನ್ನು ಮೊದಲು ಅದರ ಪೂರ್ಣ ಬಲದೊಡನೆ ಮಂಡಿಸಬೇಕು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಐದು ಅಣುವ್ರತಗಳೊಡನೆ ಸೇರಿಸಿ ಗೃಹಸ್ಥನ ಎಂಟು ಮೂಲಗುಣಗಳೆಂದರು. ಅದೇ ಗ್ರಂಥದ ಮುಂದಿನ ಭಾಗದಲ್ಲಿ ಕಾರಣಗಳನ್ನು ಬೇರ್ಪಡಿಸಿಯೂ ಹೇಳಿದರು. ಮಾಂಸವನ್ನೂ ಜೇನನ್ನೂ ತ್ರಸಜೀವಿಗಳ ಘಾತವನ್ನು ತಪ್ಪಿಸಲು ಬಿಡಬೇಕು. ಮದ್ಯವನ್ನು ಪ್ರಮಾದವನ್ನು ತಪ್ಪಿಸಲು ಬಿಡಬೇಕು. ಹೀಗಿರುವಾಗ ತ್ರಸಘಾತವಿಲ್ಲದೆ ಜೇನು ದೊರೆಯುವುದಾದರೆ ಕಾರಣವೇ ಬಿದ್ದುಹೋಯಿತಲ್ಲ ಎಂದು ಮಗ ಕೇಳಿದರೆ, ಅದು ಉಡಾಫೆಯ ಪ್ರಶ್ನೆಯಲ್ಲ. ಗ್ರಂಥವೇ ಎಡೆಮಾಡಿಕೊಟ್ಟ ಪ್ರಶ್ನೆ.

ಆಚಾರ್ಯರ ಕಾಲದಲ್ಲಿ ಜೇನು ಕೀಳುವ ಬಗೆ ಹೇಗಿತ್ತೆಂಬುದನ್ನು ನೆನೆದರೆ ಈ ಎಡೆ ಇನ್ನೂ ಸ್ಪಷ್ಟವಾಗುತ್ತದೆ. ಹೊಗೆಯಿಕ್ಕಿ, ಬೆಂಕಿ ತೋರಿಸಿ ನೊಣಗಳನ್ನು ಚದರಿಸಿ, ಎರಿಯನ್ನು ಇಡಿಯಾಗಿ ಕಿತ್ತು, ಮೊಟ್ಟೆ-ಮರಿಗಳ ಸಮೇತ ಹಿಂಡುತ್ತಿದ್ದರು. ಹಿಂಡಿದ ರಸದಲ್ಲಿ ತುಪ್ಪವೆಷ್ಟೋ ಮರಿಗಳ ದೇಹರಸವೆಷ್ಟೋ ಹೇಳುವಂತಿರಲಿಲ್ಲ. ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಅಸಂಖ್ಯ ಜೀವಿಗಳ ನಾಶದಿಂದ ಬಂದ ಈ ವಸ್ತುವನ್ನು ಔಷಧದ ನೆವದಿಂದಲೂ ಸೇವಿಸಬಾರದೆಂದದ್ದು ಈ ಹಿನ್ನೆಲೆಯಲ್ಲಿ.

ಆದರೆ ಅಮೃತಚಂದ್ರಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಗೂಡಿನಿಂದ ತಾನಾಗಿ ಸೋರಿ ಬಿದ್ದ ಜೇನನ್ನು ತೆಗೆದುಕೊಂಡರೂ, ಛಲದಿಂದ ಎಂದರೆ ಉಪಾಯ ಹೂಡಿ ತೆಗೆದುಕೊಂಡರೂ, ಅದನ್ನಾಶ್ರಯಿಸಿದ ಪ್ರಾಣಿಗಳ ಘಾತದಿಂದ ಹಿಂಸೆ ತಪ್ಪದೆಂದರು. ‘ನಾನು ಗೂಡು ಒಡೆಯಲಿಲ್ಲ, ನೊಣ ಕೊಲ್ಲಲಿಲ್ಲ’ ಎನ್ನುವವನೊಬ್ಬನು ಸಾವಿರ ವರ್ಷಗಳ ಹಿಂದೆಯೂ ಇದ್ದನೆಂದು ಇದರಿಂದ ಸಿದ್ಧವಾಗುತ್ತದೆ. ಇಂದಿನ ಚೀಟಿಯ ವಾದ ಹೊಸದಲ್ಲ. ಅದರ ಸೀಸೆ ಮಾತ್ರ ಹೊಸದು.

ಪೆಟ್ಟಿಗೆ ತಂದ ಬದಲಾವಣೆ

ಬದಲಾವಣೆಯೇ ಆಗಿಲ್ಲವೆಂದು ಸಾಧಿಸುವುದು ಅಪ್ರಾಮಾಣಿಕವಾಗುತ್ತದೆ. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಯು ಎರಿಗಳ ನಡುವೆ ನೊಣಗಳು ಓಡಾಟಕ್ಕೆ ಬಿಟ್ಟುಕೊಳ್ಳುವ ನಿಶ್ಚಿತ ಅಂತರವನ್ನು ಗುರುತಿಸಿ, ಒಂದೊಂದಾಗಿ ಎತ್ತಿ ಇಳಿಸಬಹುದಾದ ಚೌಕಟ್ಟುಗಳ ಪೆಟ್ಟಿಗೆಯನ್ನು ರೂಪಿಸಿದನು. 1865ರಲ್ಲಿ ಹ್ರುಷ್ಕಾ ಎಂಬವನು ಚೌಕಟ್ಟುಗಳನ್ನು ಗಿರ್ರನೆ ತಿರುಗಿಸಿ ಎರಿ ಮುರಿಯದೆ ತುಪ್ಪ ಮಾತ್ರ ಹೊರಚಿಮ್ಮುವಂತೆ ಮಾಡುವ ಯಂತ್ರವನ್ನು ಲೋಕದ ಮುಂದಿಟ್ಟನು. ದಕ್ಷಿಣ ಭಾರತದಲ್ಲಿ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಪಾದ್ರಿ ನ್ಯೂಟನ್‌ರು ನಮ್ಮ ತುಡುವೆ ನೊಣದ ಅಳತೆಗೆ ಹೊಂದುವ ಸಣ್ಣ ಪೆಟ್ಟಿಗೆಯನ್ನು ಪ್ರಚಾರಕ್ಕೆ ತಂದರು. 1934ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವೂ ಜೇನುಸಾಕಣೆಗೆ ಸ್ಥಾನ ಕೊಟ್ಟಿತು.

ಈ ಪೆಟ್ಟಿಗೆಯಲ್ಲಿ ಕೆಳಗಿನ ಕೋಣೆ ರಾಣಿಗೂ ಮೊಟ್ಟೆ-ಮರಿಗಳಿಗೂ ಮೀಸಲು. ಹೆಚ್ಚಿನ ತುಪ್ಪ ಮೇಲಿನ ಕೋಣೆಯಲ್ಲಿ ಸಂಗ್ರಹವಾಗುತ್ತದೆ. ಬಲ್ಲ ಸಾಕಣೆಗಾರನು ಮೇಲಿನದನ್ನಷ್ಟೇ ತೆಗೆದು, ಬರಿದಾದ ಎರಿಯನ್ನು ಮರಳಿ ಇಡುತ್ತಾನೆ. ಹಿಂಡಿ ತೆಗೆಯುವುದಕ್ಕೂ ಇದಕ್ಕೂ ಅಜಗಜಾಂತರವಿದೆ. ಕಾಡಿನಲ್ಲಿ ಹೆಜ್ಜೇನಿನ ಎರಿಯಿಂದ ತುಪ್ಪವಿರುವ ಭಾಗವನ್ನಷ್ಟೇ ಕೊಯ್ದು ಮರಿಗಳಿರುವ ಭಾಗವನ್ನು ಉಳಿಸುವ ಪರಿಪಾಠವೂ ಇಂತಹುದೇ. ಇವರನ್ನು ಹಿಂಡಿ ತೆಗೆಯುವವರ ಸಾಲಿನಲ್ಲಿಯೇ ನಿಲ್ಲಿಸಿ ನಿಂದಿಸುವುದು ನ್ಯಾಯವಲ್ಲ.

ಆದರೂ ಪೆಟ್ಟಿಗೆ ತೆರೆಯುವಾಗ ಹೊಗೆಯಾಡಿಸುತ್ತಾರೆ. ಆ ಹೊಗೆ ನೊಣಗಳ ಎಚ್ಚರಿಕೆಯ ವಾಸನೆಯನ್ನು ಮರೆಸುತ್ತದೆ. ಬೆಂಕಿ ಬಂತೆಂಬ ಭ್ರಮೆಯಲ್ಲಿ ಅವು ಓಡಿಹೋಗುವ ಸಿದ್ಧತೆಗಾಗಿ ಹೊಟ್ಟೆತುಂಬ ತುಪ್ಪ ಹೀರಿಕೊಂಡು ಮಂಕಾಗುತ್ತವೆ. ಆ ಸಮಯದಲ್ಲಿ ಚೌಕಟ್ಟನ್ನು ಎತ್ತುತ್ತಾರೆ. ‘ಛಲ’ವೆಂಬ ಶಬ್ದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ಬೇಕೆ? ಎಷ್ಟೇ ಜಾಗರೂಕತೆಯಿದ್ದರೂ ಚೌಕಟ್ಟುಗಳ ಸಂದಿನಲ್ಲಿ ಕೆಲವು ನೊಣಗಳು ನಜ್ಜಾಗುತ್ತವೆ. ಆದುದರಿಂದ ‘ಕಡಿಮೆ ಹಿಂಸೆ’ ಎಂಬ ಮಾತು ಸತ್ಯ. ‘ಅಹಿಂಸೆ’ ಎಂಬುದು ಅತಿಶಯೋಕ್ತಿ.

ಐದು ಅತಿಚಾರಗಳ ಒರೆಗಲ್ಲು

ಚೀಟಿಯ ದೊಡ್ಡ ಕೊರತೆಯೆಂದರೆ ಅದು ಹಿಂಸೆಯೆಂಬುದನ್ನು ಸಾವಿಗೆ ಮಾತ್ರ ಸೀಮಿತಗೊಳಿಸಿದ್ದು. ‘ತತ್ತ್ವಾರ್ಥಸೂತ್ರ’ವು ಅಹಿಂಸಾಣುವ್ರತಕ್ಕೆ ಹೇಳುವ ಅತಿಚಾರಗಳಲ್ಲಿ ಕೊಲ್ಲುವುದರ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಬೇಕು. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು ಎಂಬ ಈ ಐದೂ ಪ್ರಾಣಿಯನ್ನು ಬದುಕಿಸಿಟ್ಟುಕೊಂಡೇ ದುಡಿಸುವವನ ದೋಷಗಳು. ದನ, ಕುದುರೆ, ಆಳುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಈ ಮಾತುಗಳನ್ನು ಜೇನುಪೆಟ್ಟಿಗೆಯ ಮುಂದೆ ಹಿಡಿದು ನೋಡಿದರೆ ಆಶ್ಚರ್ಯವಾಗುತ್ತದೆ.

ಸಂಸಾರ ಪಾಲಾಗಿ ಹಾರಿಹೋಗದಿರಲೆಂದು ರಾಣಿಯನ್ನು ಒಳಗೇ ತಡೆಯುವ ಬಾಗಿಲು ಹಾಕುವುದುಂಟು; ಅದು ಬಂಧನ. ಅದೇ ಉದ್ದೇಶದಿಂದ ರಾಣಿಯ ರೆಕ್ಕೆಯ ತುದಿಯನ್ನು ಕತ್ತರಿಸುವ ರೂಢಿ ಕೆಲವೆಡೆ ಇದೆ, ಅದು ಛೇದ. ಹೂವಿನ ಋತುವನ್ನು ಬೆನ್ನಟ್ಟಿ ಪೆಟ್ಟಿಗೆಗಳನ್ನು ಲಾರಿಗಳಲ್ಲಿ ಹೇರಿ ನೂರಾರು ಮೈಲಿ ಸಾಗಿಸುತ್ತ, ನೊಣಗಳಿಗೆ ಬಿಡುವಿಲ್ಲದಂತೆ ಮಾಡುವುದು ಅತಿಭಾರದ ಸಾಲಿಗೆ ಸೇರುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಐದನೆಯದು. ಮಲೆನಾಡಿನ ಮಳೆಗಾಲದಲ್ಲಿ ಹೂವಿಲ್ಲ, ಹಾರಾಟವಿಲ್ಲ. ಆ ದಿನಗಳಿಗಾಗಿಯೇ ನೊಣಗಳು ಬೇಸಗೆಯಲ್ಲಿ ಹೂವಿನ ತಿಳಿರಸವನ್ನು ಹೊತ್ತು ತಂದು, ರೆಕ್ಕೆ ಬೀಸಿ ನೀರಿನಂಶ ಆರಿಸಿ, ಮೇಣದಿಂದ ಮುಚ್ಚಿಡುತ್ತವೆ. ನಾವು ‘ಹೆಚ್ಚುವರಿ’ ಎಂದು ಕರೆಯುವುದು ಅವುಗಳ ಆಟಿಯ ಅಕ್ಕಿ. ಅದನ್ನು ತೆಗೆದುಕೊಂಡು ಸಕ್ಕರೆ ಪಾಕವನ್ನು ಬಟ್ಟಲಲ್ಲಿ ಇಡುವುದನ್ನು ಅನ್ನಪಾನನಿರೋಧವೆನ್ನದೆ ಇನ್ನೇನೆನ್ನಬೇಕು?

ಈ ಒರೆಗಲ್ಲಿನಿಂದಲೇ ‘ಸುಸ್ಥಿರ’ವೆಂಬ ಎರಡನೆಯ ಮಾತನ್ನೂ ತೂಗಬಹುದು. ನೊಣಗಳಿಗೆ ಸಾಕಾಗುವಷ್ಟು ತುಪ್ಪ ಉಳಿಸುವುದು, ಸ್ಥಳೀಯ ಜಾತಿಯ ನೊಣವನ್ನೇ ಸಾಕುವುದು, ಮದ್ದು ಸಿಂಪಡಿಸದಿರುವುದು, ಸುತ್ತಲ ಹೂಗಿಡಗಳನ್ನು ಕಾಪಾಡುವುದು ಇವೆಲ್ಲ ಆ ಮಾತಿನ ಒಳ್ಳೆಯ ಅರ್ಥ. ಆದರೆ ‘ಸುಸ್ಥಿರ’ವೆಂಬುದು ಕೇಳುವ ಪ್ರಶ್ನೆ, ಮುಂದಿನ ವರ್ಷವೂ ಇಷ್ಟೇ ಸಿಗುವುದೆ ಎಂಬುದು. ‘ಅಹಿಂಸೆ’ ಕೇಳುವ ಪ್ರಶ್ನೆ, ಈ ವರ್ಷ ಆ ಜೀವಕ್ಕೆ ಏನಾಯಿತು ಎಂಬುದು. ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದಕ್ಕೂ ಉತ್ತರ ಕೊಟ್ಟೆವೆಂದುಕೊಳ್ಳುವುದು ಭ್ರಾಂತಿ. ಒಂದೇ ಚೀಟಿಯಲ್ಲಿ ಎರಡು ಮಾತುಗಳನ್ನೂ ಅಚ್ಚು ಹಾಕಿದವರು ಈ ಭ್ರಾಂತಿಯನ್ನೇ ಮಾರುತ್ತಿದ್ದಾರೆ.

ಕೊಳ್ಳುವವರ ಮನೋಧರ್ಮ

ಜೇನು ಕೊಳ್ಳುವವರಲ್ಲಿ ಬಹುಮಂದಿ ಆರೋಗ್ಯಾರ್ಥಿಗಳು. ಬೆಳಗ್ಗೆ ಬಿಸಿನೀರಿಗೆ ಒಂದು ಚಮಚ, ಕೆಮ್ಮಿಗೆ ತುಳಸಿರಸದೊಡನೆ ಒಂದು ಚಮಚ. ಇವರಿಗೆ ‘ಶುದ್ಧ’ವೆಂಬ ಮಾತೇ ಮುಖ್ಯ. ಆ ನಂಬಿಕೆಗೆ ಆದ ಪೆಟ್ಟು ಸಾಮಾನ್ಯವಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2010ರಲ್ಲಿ ಪರೀಕ್ಷಿಸಿದ 12 ಮಾದರಿಗಳಲ್ಲಿ 11ರಲ್ಲಿ ಆಂಟಿಬಯೋಟಿಕ್ ಔಷಧದ ಅಂಶಗಳು ಕಂಡುಬಂದವು. ಅದೇ ಸಂಸ್ಥೆ 2020ರ ಡಿಸೆಂಬರಿನಲ್ಲಿ 13 ಬ್ರಾಂಡುಗಳ ಪರೀಕ್ಷೆಯ ವಿವರಗಳನ್ನು ಪ್ರಕಟಿಸಿದಾಗ, ಎನ್.ಎಂ.ಆರ್. ಎಂಬ ಸೂಕ್ಷ್ಮ ಪರೀಕ್ಷೆಯೂ ಸೇರಿದಂತೆ ಎಲ್ಲದರಲ್ಲಿಯೂ ಉತ್ತೀರ್ಣವಾದವು 3 ಮಾತ್ರ. ಸಾಮಾನ್ಯ ಪರೀಕ್ಷೆಗಳ ಕಣ್ಣಿಗೆ ಬೀಳದಂತಹ ಸಕ್ಕರೆ ಪಾಕಗಳನ್ನು ಬೆರೆಸಲಾಗುತ್ತಿದೆಯೆಂಬುದು ಆಗ ಬಯಲಾಯಿತು. ಪಾಕ ಬೆರೆತ ಅಗ್ಗದ ಮಾಲಿನಿಂದ ಬೆಲೆ ಕುಸಿದು ಪ್ರಾಮಾಣಿಕ ಸಾಕಣೆಗಾರರು ನಷ್ಟಪಟ್ಟರು. ಔಷಧವೆಂದು ಕೊಳ್ಳುವವರು ನೆನೆಯಬೇಕಾದ ಇನ್ನೊಂದು ಮಾತಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ಬಿಟ್ಟೇ ಚಿಕಿತ್ಸೆಯನ್ನು ಹೇಳುವ ‘ಕಲ್ಯಾಣಕಾರಕ’ವನ್ನು ರಚಿಸಿದರು. ಜೇನಿಲ್ಲದೆ ವೈದ್ಯವಿಲ್ಲವೆಂಬುದನ್ನು ನಮ್ಮ ನಾಡಿನಲ್ಲಿಯೇ ಒಬ್ಬ ವೈದ್ಯರು ಒಪ್ಪಲಿಲ್ಲ.

ಎರಡನೆಯ ವರ್ಗದವರು ಆ ಮಗನಂತಹ ಸಹೃದಯರು. ಹಿಂಸೆ ಬೇಡ, ಸವಿ ಬೇಕು. ಅದಕ್ಕಾಗಿ ಹೆಚ್ಚು ಬೆಲೆ ಕೊಡಲೂ ಸಿದ್ಧರು. ಇವರನ್ನು ಹಗುರವಾಗಿ ಕಾಣಬಾರದು. ಆದರೆ ಇವರು ಚೀಟಿ ಓದಿದ ಮೇಲೆ ಮುಂದೆ ಏನನ್ನೂ ಕೇಳುವುದಿಲ್ಲ. ಯಾವ ನೊಣ, ಯಾವ ಊರು, ಎಷ್ಟು ತೆಗೆದರು, ಎಷ್ಟು ಉಳಿಸಿದರು, ಮಳೆಗಾಲಕ್ಕೆ ಏನು ಕೊಟ್ಟರು ಎಂಬ ಪ್ರಶ್ನೆಗಳನ್ನು ಕೇಳುವ ಶ್ರಮದಿಂದ ಬಿಡುಗಡೆ ಮಾಡುವುದೇ ಆ ಚೀಟಿಯ ಕೆಲಸ.

ಇಲ್ಲಿ ನಮಗೆಲ್ಲ ಪರಿಚಿತವಾದ ಮಧುಬಿಂದು ದೃಷ್ಟಾಂತವನ್ನು ಹೊಸದಾಗಿ ನೋಡಬೇಕೆನಿಸುತ್ತದೆ. ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೂ, ಹೇಮಚಂದ್ರರ ‘ಪರಿಶಿಷ್ಟಪರ್ವ’ದಲ್ಲಿ ಜಂಬೂಕುಮಾರನು ಪ್ರಭವನೆಂಬ ಚೋರನಾಯಕನಿಗೂ ಹೇಳುವ ಕಥೆಯಿದು. ಹೇಮಚಂದ್ರರಲ್ಲಿ ಕಾಡಾನೆಗೆ ಹೆದರಿದ ಪಥಿಕನು ಬಾವಿಯಲ್ಲಿ ಆಲದ ಬಿಳಲು ಹಿಡಿದು ಜೋತಾಡುತ್ತಾನೆ. ಕೆಳಗೆ ಹೆಬ್ಬಾವು, ಸುತ್ತ ಹಾವುಗಳು, ಮೇಲೆ ಬಿಳಲನ್ನು ಕಡಿಯುವ ಬಿಳಿ-ಕಪ್ಪು ಇಲಿಗಳು. ಆನೆ ಮರವನ್ನು ಅಲುಗಿಸಲು ಜೇನೆದ್ದು ಅವನನ್ನು ಕಚ್ಚುತ್ತದೆ, ತುಪ್ಪದ ಹನಿ ಬಾಯಿಗೆ ಬೀಳುತ್ತದೆ, ಅವನು ಎಲ್ಲವನ್ನೂ ಮರೆಯುತ್ತಾನೆ.

ಸಂಸಾರಸುಖದ ಅಲ್ಪತೆಗೆ ಈ ಕಥೆಯನ್ನು ಹೇಳುವುದು ವಾಡಿಕೆ. ಆದರೆ ಒಂದು ಅಂಶವನ್ನು ನಾವು ಲಕ್ಷಿಸಿದಂತಿಲ್ಲ. ಆ ಪಥಿಕನು ಗೂಡು ಒಡೆಯಲಿಲ್ಲ, ಒಂದು ನೊಣವನ್ನೂ ಕೊಲ್ಲಲಿಲ್ಲ. ಅಲುಗಿಸಿದ್ದು ಆನೆ; ತುಪ್ಪ ತಾನಾಗಿ ಸೋರಿತು. ಸೀಸೆಯ ಚೀಟಿ ಹೇಳುವ ಅರ್ಥದಲ್ಲಿ ಅವನು ಸವಿದದ್ದು ನಿಜವಾದ ‘ಅಹಿಂಸಾ ಜೇನು’! ಆದರೂ ಕಥೆ ಅವನನ್ನು ಕ್ಷಮಿಸುವುದಿಲ್ಲ. ಅವನ ದೋಷ ಘಾತವಲ್ಲ, ಮರೆವು. ಹನಿ ಬೀಳುತ್ತಿರುವಷ್ಟು ಹೊತ್ತು ಅವನು ಮೇಲೆ ನೋಡಲಿಲ್ಲ, ಕೆಳಗೂ ನೋಡಲಿಲ್ಲ. ಸಮಂತಭದ್ರರು ಪ್ರಮಾದವನ್ನು ಮದ್ಯಕ್ಕೆ ಹೇಳಿದರು; ಮಧುಬಿಂದುವಿನ ಕಥೆ ಅದೇ ಪ್ರಮಾದವನ್ನು ಮಧುವಿನಲ್ಲಿಯೂ ತೋರಿಸಿತು. ಘಾತದ ಕಾರಣವನ್ನು ಯಂತ್ರವು ಎಷ್ಟೇ ತಗ್ಗಿಸಲಿ, ಈ ಎರಡನೆಯ ಕಾರಣವನ್ನು ಅದು ಮುಟ್ಟಲಾರದು. ಮಗನ ಪ್ರಶ್ನೆಗೆ ನನಗೆ ಕಂಡ ಉತ್ತರ ಇದು.

ಬಿಟ್ಟವರ ಲೆಕ್ಕ

ಇದನ್ನು ಓದಿ, ಜೇನು ಮುಟ್ಟದ ನಾವು ನಿರ್ದೋಷಿಗಳೆಂದು ಸಮಾಧಾನಪಡುವವರಿದ್ದರೆ ಅವರಿಗೂ ಒಂದು ಮಾತಿದೆ. ಮೇಲೆ ನೋಡದಿರುವ ದೋಷ ತಿನ್ನುವವರಿಗೆ ಮಾತ್ರ ಅಂಟಿದ್ದಲ್ಲ.

ಪಾರಣೆಯ ದಿನ ನಮ್ಮ ಮನೆಗಳ ಸಿಹಿಯಲ್ಲಿ ಬಾದಾಮಿ ಇಲ್ಲದಿಲ್ಲ. ಭಾರತಕ್ಕೆ ಬರುವ ಬಾದಾಮಿಯ ಬಹುಪಾಲು ಕ್ಯಾಲಿಫೋರ್ನಿಯದ್ದು. ಪ್ರತಿ ಫೆಬ್ರವರಿಯಲ್ಲಿ ಅಲ್ಲಿನ ತೋಟಗಳು ಹೂಬಿಡುವಾಗ ಪರಾಗಸ್ಪರ್ಶಕ್ಕಾಗಿ 20 ಲಕ್ಷಕ್ಕೂ ಹೆಚ್ಚು ಜೇನುಪೆಟ್ಟಿಗೆಗಳನ್ನು ದೂರ ದೂರದ ರಾಜ್ಯಗಳಿಂದ ಲಾರಿಗಳಲ್ಲಿ ತರಿಸುತ್ತಾರೆ. ಅತಿಭಾರವೆಂದು ಮೇಲೆ ಹೇಳಿದ್ದು ಇದನ್ನೇ. ಕೊಡಗಿನ ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿಗಟ್ಟಲಾರದು. ಹೂಮಳೆಯ ತರುವಾಯ ಕೆಲವೇ ದಿನ ಅರಳಿರುವ ಆ ಹೂಗಳಿಗೆ ಹೆಜ್ಜೇನು, ತುಡುವೆಗಳ ನೆರವು ದೊಡ್ಡದು. ಸೌತೆ, ಕುಂಬಳ, ಹೀರೆಗಳಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ; ನೊಣ ಬಾರದಿದ್ದರೆ ಮಿಡಿ ಕರಗುತ್ತದೆ. ಜೇನನ್ನು ತ್ಯಜಿಸಿದ ತಟ್ಟೆಯಲ್ಲಿಯೂ ಜೇನುನೊಣದ ದುಡಿಮೆ ಇದ್ದೇ ಇದೆ. ಸಾಲ ಮಾಡದವನೆಂದು ಹೆಮ್ಮೆಪಡುವ ನಾವು ಋಣದಲ್ಲಿಯೇ ಉಣ್ಣುತ್ತಿದ್ದೇವೆ.

ಇನ್ನೂ ನೋವಿನ ಸಂಗತಿಯೊಂದಿದೆ. ಮಹಾನಗರಗಳ ಬಹುಮಹಡಿ ಕಟ್ಟಡಗಳ ಸಜ್ಜಾಗಳಿಗೆ ಹೆಜ್ಜೇನು ಬಂದು ಕಟ್ಟುವುದುಂಟು. ಕೆಲವು ತಿಂಗಳಲ್ಲಿ ತಾನಾಗಿ ಎದ್ದುಹೋಗುವ ವಲಸೆಯ ಜೇನು ಅದು. ಅಷ್ಟು ದಿನ ಕಾಯಲಾರದೆ ಮದ್ದು ಹೊಡೆಸಿ, ಬೆಂಕಿ ಹಿಡಿಸಿ ರಾತ್ರೋರಾತ್ರಿ ಇಡೀ ಸಂಸಾರವನ್ನು ಸುಡಿಸುವುದು ಅಪರೂಪವಲ್ಲ. ಬೆಳಗ್ಗೆ ಅಂಗಳದಲ್ಲಿ ಗುಡಿಸಿ ರಾಶಿ ಹಾಕುವ ಆ ನೊಣಗಳು ನಾಲ್ಕು ಇಂದ್ರಿಯಗಳುಳ್ಳ ತ್ರಸಜೀವಿಗಳು. ಆ ಕೆಲಸಕ್ಕೆ ಎಲ್ಲರೊಡನೆ ಸಹಿ ಹಾಕಿ ಪಾಲಿನ ಹಣ ಕೊಟ್ಟು, ಅದೇ ದಿನ ‘ನಾವು ಜೇನು ತಿನ್ನುವುದಿಲ್ಲ’ ಎನ್ನಬಹುದೆ? ಒಂದು ಚಮಚ ತುಪ್ಪದಲ್ಲಿರುವ ಹಿಂಸೆಗಿಂತ ಆ ಒಂದು ಸಹಿಯಲ್ಲಿರುವ ಹಿಂಸೆ ಎಷ್ಟು ಪಾಲು ದೊಡ್ಡದೆಂದು ನಾವೇ ಲೆಕ್ಕ ಹಾಕಬೇಕು.

ಕೊಟ್ಟದ್ದು, ತೆಗೆದದ್ದು

ಹಾಗಾದರೆ ನಿಲುವೇನು? ವ್ರತಿಗೆ ಮಧುತ್ಯಾಗ ಹಿಂದಿನಂತೆಯೇ ಉಳಿಯಬೇಕು. ಆದರೆ ‘ನೊಣ ಸಾಯುತ್ತದೆ’ ಎಂಬ ಒಂದೇ ಕಾರಣದ ಮೇಲೆ ಅದನ್ನು ನಿಲ್ಲಿಸಿದರೆ ಯಂತ್ರವೊಂದು ಬಂದಾಗ ಅದು ಅಲುಗಾಡುತ್ತದೆ. ಜೊತೆಗೆ ಅಸ್ತೇಯದ ಕಾರಣವೂ ಇದೆಯೆಂದು ನನ್ನ ಭಾವನೆ. ಇಟ್ಟದ್ದು, ಬಿದ್ದದ್ದು, ಮರೆತದ್ದು ಯಾವುದೇ ಆಗಲಿ, ಕೊಡದೆ ತೆಗೆದುಕೊಳ್ಳಬಾರದೆಂಬುದು ಸಮಂತಭದ್ರರ ವಚನದ ತಾತ್ಪರ್ಯ. ಅಲ್ಲಿ ಉದ್ದಿಷ್ಟವಾದುದು ಮನುಷ್ಯರ ಸೊತ್ತು. ಜೇನುಗೂಡಿಗೆ ಅದನ್ನು ವಿಸ್ತರಿಸಿದ್ದು ನನ್ನ ಅನ್ವಯವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಸಂಪ್ರದಾಯದಲ್ಲಿಯೇ ಇದಕ್ಕೊಂದು ಸೂಚನೆಯಿದೆ. ಆದಿನಾಥ ಸ್ವಾಮಿಯ ಪ್ರಥಮ ಪಾರಣೆ ಶ್ರೇಯಾಂಸನು ನೀಡಿದ ಕಬ್ಬಿನ ಹಾಲಿನಿಂದಾಯಿತು. ನಮ್ಮ ಅಭಿಷೇಕದ ದ್ರವ್ಯಗಳಲ್ಲಿಯೂ ಇಕ್ಷುರಸವಿದೆ, ಮಧುವಿಲ್ಲ. ಕಬ್ಬಿನ ಬೇಸಾಯವೂ ಹಿಂಸಾರಹಿತವಲ್ಲ. ಗದ್ದೆಯಲ್ಲಿ ದುಡಿದವರಿಗೆ ಅದು ಗೊತ್ತು. ಆದರೂ ಅಕ್ಷಯ ತೃತೀಯೆಯಂದು ನಾವು ಸ್ಮರಿಸುವುದು ಸವಿಯನ್ನಲ್ಲ, ಕೈಯೆತ್ತಿ ಕೊಟ್ಟದ್ದನ್ನು. ಜೇನನ್ನು ಯಾರೂ ನಮಗೆ ಕೊಟ್ಟಿಲ್ಲ.

ವ್ರತವಿಲ್ಲದವರು ಕೊಳ್ಳುವುದೇ ಆದರೆ ‘ಅಹಿಂಸೆ’ ಎಂಬ ಶಬ್ದವನ್ನು ಕೊಳ್ಳದಿರಲಿ. ಮಳೆಗಾಲದ ಬುತ್ತಿಯನ್ನು ನೊಣಗಳಿಗೇ ಉಳಿಸುವ, ಕೇಳಿದ್ದಕ್ಕೆ ನೇರವಾಗಿ ಉತ್ತರಿಸುವ ಸಾಕಣೆಗಾರರಿದ್ದಾರೆ. ಅವರು ಗೌರವಕ್ಕೆ ಅರ್ಹರು. ಜೇನು ಮುಟ್ಟದ ನಾವು ಹೂಬಿಟ್ಟ ವೇಳೆ ತೋಟಕ್ಕೆ ಮದ್ದು ಹೊಡೆಸದಿರೋಣ. ಸಜ್ಜಾದ ಹೆಜ್ಜೇನಿಗೆ ನಾಲ್ಕು ತಿಂಗಳ ಬಿಡಾರ ಕೊಡೋಣ.

ಮಿತ್ರರ ಎರಡನೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಹೀಗಿತ್ತು: ಪೆಟ್ಟಿಗೆ ಇಡಿ, ಬಾಗಿಲಿಗೆ ತಡೆ ಹಾಕಬೇಡಿ, ತುಪ್ಪ ತೆಗೆಯಬೇಡಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಸಂಸಾರಗಳ ಬಹುಪಾಲು ನಾಶವಾದಾಗ ನೆರೆಮನೆಯವರ ಪೆಟ್ಟಿಗೆಗಳು ಬರಿದಾದುದನ್ನು ಅವರು ಕಂಡವರು. “ತುಪ್ಪ ತೆಗೆಯದಿದ್ದರೆ ಪಾಲಾಗಿ ಹಾರಿಹೋಗ್ತವೆ ಮಾಸ್ಟ್ರೇ” ಎಂದರು. ಹೋದರೆ ಹೋಗಲಿ ಎಂದೆ.

ಈಗ ಅವರ ತೋಟದಲ್ಲಿ ನಾಲ್ಕು ಪೆಟ್ಟಿಗೆಗಳಿವೆ. ಎರಡರಲ್ಲಿ ಸಂಸಾರವಿದೆ, ಎರಡು ಖಾಲಿ. ಹಾರಿಹೋದ ಒಂದು ಸಂಸಾರ ಬೇಲಿಯಾಚೆಯ ಮರದ ಪೊಟರೆಯಲ್ಲಿ ಕುಳಿತಿದೆಯಂತೆ. ಸೌತೆಬಳ್ಳಿಗೆ ಅವೂ ಬರುತ್ತವೆ. ಸೀಸೆ ಮಾತ್ರ ನನ್ನ ಮೇಜಿನ ಮೇಲೆಯೇ ಉಳಿದಿದೆ. ಮಗ ಮುಂದಿನ ಬಾರಿ ಊರಿಗೆ ಬಂದಾಗ ಈ ಪುಟಗಳೊಡನೆ ಅದನ್ನು ಮರಳಿಸಬೇಕೆಂದಿದ್ದೇನೆ.